ಹಳೆಯ ಬೈಕಿನ ಹೊಗೆ ನಿಯಂತ್ರಣ ಸಾಧನಗಳನ್ನು ಕಳಚಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಬೈಕೊಂದನ್ನು ದುರಸ್ತಿಗೆಂದು ಕೈಗೆತ್ತಿಕೊಂಡವರು ಪೆಟ್ರೋಲ್ ಟ್ಯಾಂಕನ್ನು ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ರಬ್ಬರ್ ಪೈಪುಗಳ ಗೋಜಲು. ಕೆಲವು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತವೆಂಬುದೇ ತಿಳಿಯುವುದಿಲ್ಲ, ಕೆಲವುಗಳ ತುದಿ ಬಿರುಕು ಬಿಟ್ಟಿರುತ್ತದೆ, ಒಂದೆರಡು ಎಲ್ಲಿಗೂ ಸೇರದೆ ನೇತಾಡುತ್ತಿರುತ್ತವೆ. ಇವನ್ನೆಲ್ಲ ಕಿತ್ತು ಹಾಕಿದರೆ ಗಾಡಿ ಹಗುರವಾಗಿ ಓಡುತ್ತದೆ ಎಂಬ ಸಲಹೆ ಆ ಹೊತ್ತಿಗೆ ಯಾರಿಂದಲಾದರೂ ಬಂದೇ ಬರುತ್ತದೆ. ಆ ಸಲಹೆಯನ್ನು ಪಾಲಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಪ್ರಶ್ನೋತ್ತರ ರೂಪದಲ್ಲಿ ಬರೆದಿದ್ದೇನೆ. 1970ರ ದಶಕದ ಕೊನೆಯಿಂದ 2000ದ ದಶಕದ ಮಧ್ಯದವರೆಗೆ ತಯಾರಾದ, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇರುವ, ನಾಲ್ಕು ಸ್ಟ್ರೋಕಿನ ಬೈಕುಗಳೇ ಈ ಬರಹದ ಮುಖ್ಯ ವಿಷಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಂತಹ ಬೈಕುಗಳಲ್ಲಿ ಬಹುಪಾಲು ಕೆಟ್ಟಿರುವುದು ಕೆಲವೇ ಇಂಚಿನ ರಬ್ಬರು, ಅದನ್ನು ಹುಡುಕಿ ಬದಲಾಯಿಸುವುದಕ್ಕೆ ಬೇಕಾಗುವ ಸಮಯ ಇಡೀ ಸಾಧನವನ್ನು ಕಿತ್ತು ಬಾಯಿ ಮುಚ್ಚುವುದಕ್ಕಿಂತ ಕಡಿಮೆ.

ಹೊಗೆ ನಿಯಂತ್ರಣ ಸಾಧನಗಳು ಎಂದರೆ ಯಾವುವು? ನನ್ನ ಬೈಕಿನಲ್ಲಿ ಅವು ಇವೆಯೆಂದು ತಿಳಿಯುವುದು ಹೇಗೆ?

ಬೈಕಿನಿಂದ ಮಾಲಿನ್ಯ ಹೊರಬೀಳುವುದು ಸೈಲೆನ್ಸರಿನ ಬಾಯಿಯಿಂದ ಮಾತ್ರವಲ್ಲ. ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಕ್ಕೆ ನುಸುಳಿದ ಅನಿಲ ಎಂಜಿನ್ನಿನ ಕ್ರ್ಯಾಂಕ್‌ಕೇಸಿನಲ್ಲಿ ತುಂಬಿಕೊಳ್ಳುತ್ತದೆ, ನಿಂತ ಬೈಕಿನ ಟ್ಯಾಂಕಿನಿಂದಲೂ ಕಾರ್ಬ್ಯುರೇಟರಿನಿಂದಲೂ ಪೆಟ್ರೋಲ್ ಆವಿಯಾಗಿ ಹೊರಡುತ್ತದೆ. ಹೀಗೆ ಮೂರು ದಾರಿಗಳಿರುವುದರಿಂದ ಸಾಧನಗಳೂ ಬೇರೆ ಬೇರೆ.

ಕ್ರ್ಯಾಂಕ್‌ಕೇಸಿನಿಂದ ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗುವ ದಪ್ಪ ಪೈಪು ಬ್ರೀದರ್. ಸಿಲಿಂಡರ್ ಹೆಡ್ಡಿನ ಮೇಲೆ, ಎಕ್ಸಾಸ್ಟ್ ಇರುವ ಬದಿಯಲ್ಲಿ ಕುಳಿತು ಒಂದು ಪೈಪಿನ ಮೂಲಕ ಏರ್ ಫಿಲ್ಟರ್ ಪೆಟ್ಟಿಗೆಗೂ ಇನ್ನೊಂದು ಸಣ್ಣ ಪೈಪಿನ ಮೂಲಕ ಕಾರ್ಬ್ಯುರೇಟರಿಗೂ ಹೆಡ್ಡಿಗೂ ನಡುವಿನ ಕೊಳವೆಯಾದ ಇನ್‌ಟೇಕ್ ಮ್ಯಾನಿಫೋಲ್ಡಿಗೂ ಸೇರುವುದು ಎಕ್ಸಾಸ್ಟಿಗೆ ಹೊಸ ಗಾಳಿಯನ್ನು ಬೆರೆಸುವ ಸಾಧನ. ಇದನ್ನು ಯಮಹಾದವರು ಎಐಎಸ್ ಎಂದೂ ಸುಜುಕಿ ಮತ್ತು ಹೋಂಡಾದವರು ಪೇರ್ ಎಂದೂ ಕರೆಯುತ್ತಾರೆ. ಟ್ಯಾಂಕಿನಿಂದ ಇಳಿದ ಪೈಪು ಫ್ರೇಮಿಗೆ ಬಿಗಿದ ಕಪ್ಪು ಡಬ್ಬಿಯೊಂದಕ್ಕೆ ಸೇರಿದ್ದರೆ ಅದು ಇದ್ದಿಲು ತುಂಬಿದ ಕ್ಯಾನಿಸ್ಟರ್. ಇವುಗಳ ಜೊತೆಗೆ ಸೈಲೆನ್ಸರಿನ ಒಳಗಿದ್ದು ಹೊಗೆಯ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಐಡ್ಲಿಂಗಿನ ಮಿಶ್ರಣವನ್ನು ಹೊಂದಿಸುವ, ಕಾರ್ಬ್ಯುರೇಟರಿನ ಮಿಕ್ಸ್ಚರ್ ಸ್ಕ್ರೂವಿಗೆ ಹಾಕಿದ ಹಿತ್ತಾಳೆಯ ಮುಚ್ಚಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲ ಬೈಕಿನಲ್ಲಿಯೂ ಎಲ್ಲವೂ ಇರುವುದಿಲ್ಲ. ಅಮೆರಿಕದಲ್ಲಿ ಬೈಕುಗಳಿಗೆ ಹೊಗೆಯ ಮಿತಿ ಜಾರಿಗೆ ಬಂದದ್ದು 1978ರ ಮಾದರಿಗಳಿಂದ, ಯುರೋಪಿನಲ್ಲಿ ಯುರೋ 1 ಬಂದದ್ದು 1999ರಲ್ಲಿ. ಆದ್ದರಿಂದ ಒಂದೇ ಹೆಸರಿನ, ಒಂದೇ ವರ್ಷದ ಬೈಕು ಯಾವ ದೇಶದ ಮಾರುಕಟ್ಟೆಗೆ ತಯಾರಾಯಿತು ಎನ್ನುವುದರ ಮೇಲೆ ಅದರ ಪೈಪುಗಳ ಸಂಖ್ಯೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾಕ್ಕೆಂದು ತಯಾರಾದ ಬೈಕುಗಳಲ್ಲಿ ಕ್ಯಾನಿಸ್ಟರ್ ಇದ್ದು, ಅದೇ ಮಾದರಿ ಬೇರೆಡೆಗೆ ಹೋದಾಗ ಇಲ್ಲದಿರುವುದು ಸಾಮಾನ್ಯ. ನಿಮ್ಮ ಬೈಕಿನ ಸರ್ವೀಸ್ ಮ್ಯಾನುಯಲ್‌ನಲ್ಲಿರುವ ಪೈಪುಗಳ ನಕ್ಷೆಯೇ ಇದಕ್ಕೆ ಅಂತಿಮ ಆಧಾರ.

ಇವನ್ನು ತೆಗೆದರೆ ಶಕ್ತಿ ಅಥವಾ ಮೈಲೇಜ್ ಹೆಚ್ಚುತ್ತದೆಯೇ?

ಗಾಳಿ ಬೆರೆಸುವ ಸಾಧನ, ಕ್ಯಾನಿಸ್ಟರ್, ಬ್ರೀದರ್ ಈ ಮೂರರಲ್ಲಿ ಯಾವುದನ್ನು ತೆಗೆದರೂ ಗಮನಕ್ಕೆ ಬರುವಷ್ಟು ಶಕ್ತಿ ಹೆಚ್ಚುವುದಿಲ್ಲ. ಗಾಳಿ ಬೆರೆಸುವ ಸಾಧನವು ಎಕ್ಸಾಸ್ಟ್ ವಾಲ್ವನ್ನು ದಾಟಿ ಹೊರಬಂದ ಅನಿಲದೊಂದಿಗೆ ಮಾತ್ರ ವ್ಯವಹರಿಸುತ್ತದೆ. ಅಷ್ಟು ಹೊತ್ತಿಗೆ ಪಿಸ್ಟನ್ನಿನ ಮೇಲೆ ನಡೆಯಬೇಕಾದ ಕೆಲಸ ಮುಗಿದಿರುತ್ತದೆ. ಕ್ಯಾನಿಸ್ಟರ್ ಹಿಡಿದಿಟ್ಟ ಆವಿ ಮತ್ತೆ ಎಂಜಿನ್ನಿಗೇ ಹೋಗಿ ಉರಿಯುತ್ತದೆ, ಅಂದರೆ ಅದು ಗಾಳಿಗೆ ಹೋಗಬೇಕಿದ್ದ ಪೆಟ್ರೋಲನ್ನು ಉಳಿಸುತ್ತದೆಯೇ ಹೊರತು ಖರ್ಚು ಮಾಡುವುದಿಲ್ಲ.

ಕಿತ್ತ ಮೇಲೆ ಗಾಡಿ ಚೆನ್ನಾಗಿ ಓಡುತ್ತಿದೆ ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಬಿರುಕು ಬಿಟ್ಟ ಪೈಪಿನಿಂದ ಮ್ಯಾನಿಫೋಲ್ಡಿಗೆ ಗಾಳಿ ಸೋರುತ್ತಿದ್ದದ್ದು ಆ ಪೈಪನ್ನು ತೆಗೆದು ಬಾಯಿ ಮುಚ್ಚಿದಾಗ ನಿಂತಿರುತ್ತದೆ. ಹೊಸ ಪೈಪು ಹಾಕಿದ್ದರೂ ಅದೇ ಫಲ ಸಿಗುತ್ತಿತ್ತು.

ಹೀಗೆ ಕಳಚುವುದು ಕಾನೂನಿಗೆ ವಿರುದ್ಧವೇ?

ರಸ್ತೆಯಲ್ಲಿ ಓಡುವ ಬೈಕಿನಿಂದ ಕಾರ್ಖಾನೆ ಹಾಕಿಕೊಟ್ಟ ಹೊಗೆ ನಿಯಂತ್ರಣ ಸಾಧನವನ್ನು ತೆಗೆಯುವುದು ಅಥವಾ ಕೆಲಸ ಮಾಡದಂತೆ ಮಾಡುವುದು ಹಲವು ದೇಶಗಳಲ್ಲಿ ಅಪರಾಧ. ಅಮೆರಿಕದ ಶುದ್ಧ ಗಾಳಿ ಕಾಯಿದೆ ಇದನ್ನು ನೇರವಾಗಿಯೇ ನಿಷೇಧಿಸುತ್ತದೆ, ಮತ್ತು ಆ ನಿಷೇಧ ಗ್ಯಾರೇಜುಗಳಿಗಷ್ಟೇ ಅಲ್ಲ, ಬೈಕಿನ ಮಾಲೀಕರಿಗೂ ಅನ್ವಯಿಸುತ್ತದೆ. ಹೊಗೆ ತಪಾಸಣೆಯಲ್ಲಿ ಪಾಸಾದರೆ ಸಾಕು ಎಂಬ ನಂಬಿಕೆಯೂ ಸರಿಯಲ್ಲ. ಹಲವೆಡೆ ತಪಾಸಣೆಯೊಂದು ನಿಯಮ, ಸಾಧನ ಸ್ವಸ್ಥಾನದಲ್ಲಿರಬೇಕೆಂಬುದು ಅದರಿಂದ ಬೇರೆಯಾದ ಇನ್ನೊಂದು ನಿಯಮ. ರೇಸಿನ ಅಂಗಳದಲ್ಲಿ ಮಾತ್ರ ಓಡುವ, ರಸ್ತೆಯ ನೋಂದಣಿ ಇಲ್ಲದ ಬೈಕುಗಳಿಗೂ ನಿಗದಿತ ವಯಸ್ಸು ಮೀರಿದ ಹಳೆಯ ವಾಹನಗಳಿಗೂ ಕೆಲವು ಕಡೆ ವಿನಾಯಿತಿ ಇರುತ್ತದೆ. ನಿಮ್ಮ ನೋಂದಣಿ ಎಲ್ಲಿದೆಯೋ ಅಲ್ಲಿನ ನಿಯಮವನ್ನು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದುಕೊಂಡ ನಂತರವೇ ಸ್ಪ್ಯಾನರ್ ಕೈಗೆತ್ತಿಕೊಳ್ಳಿ. ಬೈಕನ್ನು ಮುಂದೆ ಮಾರುವ ಯೋಚನೆಯಿದ್ದರೆ, ಸಾಧನವಿಲ್ಲದ ಗಾಡಿ ಕೊಂಡವರ ಕೈಯಲ್ಲಿ ತಪಾಸಣೆಗೆ ನಿಂತಾಗ ಏನಾಗುತ್ತದೆಂಬುದನ್ನೂ ಯೋಚಿಸಿ.

ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಿಂದ ಪಟಪಟ ಸಿಡಿಯುವ ಶಬ್ದ ಬರುತ್ತದೆ. ಗಾಳಿ ಬೆರೆಸುವ ಸಾಧನವನ್ನು ತೆಗೆದರೆ ನಿಲ್ಲುತ್ತದೆಯೇ?

ನಿಂತರೂ ನಿಲ್ಲಬಹುದು, ಆದರೆ ಶಬ್ದದ ಮೂಲ ಹಾಗೆಯೇ ಉಳಿದಿರುವ ಸಾಧ್ಯತೆಯೇ ಹೆಚ್ಚು. ಇದನ್ನು ಅರ್ಥಮಾಡಿಕೊಳ್ಳಲು ಆ ಸಾಧನದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಎಕ್ಸಾಸ್ಟ್ ವಾಲ್ವ್ ತೆರೆದು ಮುಚ್ಚಿದಾಗಲೆಲ್ಲ, ಹೆಡ್ಡಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನಲ್ಲಿ ಒತ್ತಡದ ಅಲೆಗಳು ಹುಟ್ಟುತ್ತವೆ. ಒಂದು ಕ್ಷಣ ಒತ್ತಡ ಏರಿದರೆ ಮರುಕ್ಷಣ ಹೊರಗಿನ ಗಾಳಿಗಿಂತ ಕೆಳಕ್ಕೆ ಇಳಿಯುತ್ತದೆ. ಹೀಗೆ ಇಳಿದಾಗ ತೆಳುವಾದ ಉಕ್ಕಿನ ನಾಲಗೆಯಂತಿರುವ ರೀಡ್ ವಾಲ್ವ್ ತೆರೆದುಕೊಂಡು ಏರ್ ಫಿಲ್ಟರ್ ಪೆಟ್ಟಿಗೆಯ ಶುದ್ಧ ಗಾಳಿಯನ್ನು ಒಳಕ್ಕೆ ಬಿಡುತ್ತದೆ, ಒತ್ತಡ ಏರಿದಾಗ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗೆ ಬಂದ ಆಮ್ಲಜನಕದಿಂದ, ಸಿಲಿಂಡರಿನಲ್ಲಿ ಉರಿಯದೆ ಉಳಿದ ಹೈಡ್ರೋಕಾರ್ಬನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಬಿಸಿ ಎಕ್ಸಾಸ್ಟ್ ದಾರಿಯಲ್ಲಿಯೇ ಉರಿದುಹೋಗುತ್ತವೆ. ಪಂಪಿಲ್ಲ, ಬೆಲ್ಟಿಲ್ಲ, ಎಂಜಿನ್ನಿನಿಂದ ಶಕ್ತಿಯನ್ನೂ ಕೇಳುವುದಿಲ್ಲ. ಇಷ್ಟು ಸರಳವಾದ ಉಪಾಯಕ್ಕೆ ಇಷ್ಟು ಕೆಟ್ಟ ಹೆಸರು ಬಂದಿರುವುದು ನನಗೆ ಬೇಸರದ ಸಂಗತಿ.

ವೇಗದಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರ್ ಬಿಟ್ಟರೆ ಸಿಲಿಂಡರಿನಲ್ಲಿ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳದೆ ಹಸಿ ಪೆಟ್ರೋಲ್ ಎಕ್ಸಾಸ್ಟಿಗೆ ಬರುತ್ತದೆ. ಆ ಹೊತ್ತಿನಲ್ಲಿ ಹೊಸ ಗಾಳಿಯೂ ಸೇರಿದರೆ ಅದು ಪೈಪಿನೊಳಗೇ ಸಿಡಿಯುತ್ತದೆ. ಇದನ್ನು ತಡೆಯುವುದಕ್ಕೆಂದೇ ಡಯಾಫ್ರಾಮ್ ಇರುವ ಕಡಿತದ ವಾಲ್ವೊಂದನ್ನು ಇಟ್ಟಿರುತ್ತಾರೆ. ಆಕ್ಸಿಲರೇಟರ್ ಬಿಟ್ಟಾಗ ಮ್ಯಾನಿಫೋಲ್ಡಿನಲ್ಲಿ ಉಂಟಾಗುವ ಬಲವಾದ ಎಳೆತಕ್ಕೆ ಅದು ಮುಚ್ಚಿಕೊಂಡು ಗಾಳಿಯ ದಾರಿಯನ್ನು ಕಡಿಯುತ್ತದೆ. ಆ ಎಳೆತವನ್ನು ಒಯ್ಯುವ ಸಣ್ಣ ಪೈಪು ಸೀಳಿದ್ದರೆ ಅಥವಾ ಡಯಾಫ್ರಾಮ್ ಹರಿದಿದ್ದರೆ ವಾಲ್ವ್ ಮುಚ್ಚುವುದಿಲ್ಲ, ಶಬ್ದ ಶುರುವಾಗುತ್ತದೆ.

ಆದರೆ ಇದೇ ಶಬ್ದಕ್ಕೆ ಇನ್ನೂ ಮೂರು ಕಾರಣಗಳಿವೆ. ಬೆಂಡ್ ಪೈಪು ಹೆಡ್ಡಿಗೆ ಕೂರುವಲ್ಲಿನ ಗ್ಯಾಸ್ಕೆಟ್ ಸೋರುತ್ತಿರಬಹುದು, ಐಡ್ಲಿಂಗಿನಲ್ಲಿ ಪೆಟ್ರೋಲ್ ಅಳೆದು ಕೊಡುವ ಕಾರ್ಬ್ಯುರೇಟರಿನ ಸಣ್ಣ ರಂಧ್ರ, ಅಂದರೆ ಪೈಲಟ್ ಜೆಟ್, ಕಟ್ಟಿಕೊಂಡು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿರಬಹುದು, ಅಥವಾ ಕೆಲವು ಕಾರ್ಬ್ಯುರೇಟರುಗಳ ಪಕ್ಕದಲ್ಲಿರುವ, ಆಕ್ಸಿಲರೇಟರ್ ಬಿಟ್ಟಾಗ ಪೈಲಟ್ ದಾರಿಯ ಗಾಳಿಯನ್ನು ಕಡಿಮೆ ಮಾಡಿ ಮಿಶ್ರಣವನ್ನು ಗಟ್ಟಿಗೊಳಿಸುವ ಪುಟ್ಟ ಡಯಾಫ್ರಾಮ್ ಹರಿದಿರಬಹುದು.

ಎರಡು ಸಿಲಿಂಡರಿನ ನನ್ನ ಹಳೆಯ ಬೈಕಿನಲ್ಲಿ ಇಳಿಜಾರಿನುದ್ದಕ್ಕೂ ಪಟಾಕಿ ಸರ ಹಚ್ಚಿದಂತೆ ಸದ್ದು ಬರುತ್ತಿತ್ತು. ಗ್ಯಾರೇಜೊಂದರಲ್ಲಿ ಹೇಳಿದರೆಂದು ಗಾಳಿಯ ಸಾಧನವನ್ನೆಲ್ಲ ಬಿಚ್ಚಿ, ಅಲ್ಯೂಮಿನಿಯಂ ಪಟ್ಟಿ ಕತ್ತರಿಸಿ ಎರಡೂ ತೂತುಗಳನ್ನು ಮುಚ್ಚಿದೆ. ಸದ್ದು ಒಂದಿಷ್ಟು ಇಳಿಯಿತು, ನಿಲ್ಲಲಿಲ್ಲ. ಮರುದಿನ ಎಂಜಿನ್ ತಣ್ಣಗಿರುವಾಗ ಎಡಗಡೆಯ ಬೆಂಡ್ ಪೈಪಿನ ಕೊರಳಿಗೆ ಸೋಪಿನ ನೀರು ಹಚ್ಚಿ, ಸೈಲೆನ್ಸರಿನ ಬಾಯಿಗೆ ಬಟ್ಟೆ ಸುತ್ತಿದ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ತುದಿಯನ್ನು ಹಿಡಿದೆ. ಕೊರಳಿನ ಕೆಳಭಾಗದಲ್ಲಿ, ಎದುರಿನಿಂದ ಎಷ್ಟು ಬಗ್ಗಿ ನೋಡಿದರೂ ಕಾಣದ ಜಾಗದಲ್ಲಿ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಏಳುತ್ತಿದ್ದವು. ಗ್ಯಾಸ್ಕೆಟಿನ ತಾಮ್ರದ ಉಂಗುರ ಹಿಂದೆಂದೋ ಎರಡನೆಯ ಬಾರಿಗೆ ಬಳಕೆಯಾಗಿ, ಚಪ್ಪಟೆಯಾಗಿ, ಒಂದು ಕಡೆ ಕಪ್ಪಾಗಿತ್ತು. ಹೊಸ ಉಂಗುರ ಹಾಕಿ, ಬಿಚ್ಚಿದ್ದ ಸಾಧನವನ್ನೂ ಮರಳಿ ಜೋಡಿಸಿದ ಮೇಲೆ ಸದ್ದು ಪೂರ್ತಿ ನಿಂತಿತು. ಅಂದಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವುದು ಆ ಕೊರಳನ್ನು ನೋಡಿ ಎಂದು.

ರೀಡ್ ವಾಲ್ವ್ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಬೆರಳೊಂದೇ ಸಾಕು. ಏರ್ ಫಿಲ್ಟರ್ ಪೆಟ್ಟಿಗೆಗೆ ಸೇರಿದ ಗಾಳಿಯ ಪೈಪನ್ನು ಅಲ್ಲಿಂದ ಬಿಡಿಸಿ, ಎಂಜಿನ್ ಐಡ್ಲಿಂಗಿನಲ್ಲಿರುವಾಗ ಪೈಪಿನ ಬಾಯಿಗೆ ಬೆರಳಿನ ತುದಿಯನ್ನು ಹಗುರವಾಗಿ ಹಿಡಿಯಿರಿ. ಮೃದುವಾಗಿ, ಮಿಡಿಯುವಂತೆ ಒಳಕ್ಕೆ ಎಳೆದುಕೊಂಡರೆ ವಾಲ್ವ್ ಆರೋಗ್ಯವಾಗಿದೆ. ಬಿಸಿ ಹೊಗೆ ಹೊರಕ್ಕೆ ಉಗುಳಿದರೆ ಉಕ್ಕಿನ ನಾಲಗೆ ಮುರಿದಿದೆ ಅಥವಾ ಮಸಿ ಕಟ್ಟಿ ಅರ್ಧ ತೆರೆದು ನಿಂತಿದೆ. ಇಂತಹ ಸ್ಥಿತಿಯಲ್ಲಿ ಬೈಕನ್ನು ಓಡಿಸಿದರೆ ಬಿಸಿ ಅನಿಲ ರಬ್ಬರ್ ಪೈಪನ್ನು ಸುಟ್ಟು ಏರ್ ಫಿಲ್ಟರಿನವರೆಗೂ ಹೋಗುತ್ತದೆ. ಬಿಚ್ಚಿದ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ, ನಾಲಗೆಯ ಅಂಚಿನಲ್ಲಿ ಬೆಳಕಿನ ಗೆರೆ ಕಾಣಬಾರದು. ಮಸಿಯಿದ್ದರೆ ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಬೇಕು, ನಾಲಗೆಯನ್ನು ಕೆರೆಯಬಾರದು, ಬಗ್ಗಿಸಲೂಬಾರದು. ವಾಲ್ವಿನೊಳಗಿರುವ ರಬ್ಬರಿಗೆ ಕ್ಲೀನರ್ ತಾಗದಂತೆ ಎಚ್ಚರ ವಹಿಸಿ.

ಕಡಿತದ ವಾಲ್ವಿಗೆ ಪರೀಕ್ಷೆ ಬೇರೆ. ಮ್ಯಾನಿಫೋಲ್ಡಿನ ಕಡೆಯ ಸಣ್ಣ ಪೈಪಿಗೆ ಕೈಪಂಪಿನಿಂದ ಎಳೆತ ಕೊಟ್ಟು ಹಿಡಿದರೆ ವಾಲ್ವಿನ ದೊಡ್ಡ ಬಾಯಿಯಲ್ಲಿ ಊದಿದ ಗಾಳಿ ದಾಟಬಾರದು, ಎಳೆತ ಬಿಟ್ಟಾಗ ಸರಾಗವಾಗಿ ದಾಟಬೇಕು. ಎಳೆತ ನಿಲ್ಲದೆ ಸೋರಿಹೋದರೆ ಡಯಾಫ್ರಾಮ್ ಹರಿದಿದೆಯೆಂದೇ ಅರ್ಥ.

ವಿನಾಯಿತಿ ಇರುವ ರೇಸ್ ಬೈಕಿನಿಂದ ಗಾಳಿಯ ಸಾಧನವನ್ನು ತೆಗೆಯುವಾಗ ಆಗುವ ತಪ್ಪುಗಳು ಯಾವುವು?

ಬಹಳ ಜನ ಪೈಪನ್ನು ಕತ್ತರಿಸಿ ಅದರ ಬಾಯಿಗೆ ಬೋಲ್ಟ್ ತುರುಕಿ ಬಿಡುತ್ತಾರೆ. ಎಕ್ಸಾಸ್ಟಿನ ಬಿಸಿಗೆ ರಬ್ಬರ್ ಗಟ್ಟಿಯಾಗಿ ಬೋಲ್ಟ್ ಎಗರಿಹೋಗುತ್ತದೆ. ತೂತನ್ನು ಲೋಹದ ಪಟ್ಟಿಯಿಂದ, ಗ್ಯಾಸ್ಕೆಟ್ ಸಹಿತ, ಹೆಡ್ಡಿನ ಮೇಲೆಯೇ ಮುಚ್ಚಬೇಕು. ಅದಕ್ಕಿಂತ ದೊಡ್ಡ ತಪ್ಪೆಂದರೆ ಮ್ಯಾನಿಫೋಲ್ಡಿನಲ್ಲಿ ಎಳೆತದ ಪೈಪು ಸೇರುತ್ತಿದ್ದ ಸಣ್ಣ ಮೂತಿಯನ್ನು ಹಾಗೆಯೇ ತೆರೆದು ಬಿಡುವುದು. ಅಲ್ಲಿಂದ ನುಗ್ಗುವ ಗಾಳಿಗೆ ಅಳತೆಯಿಲ್ಲ. ಐಡ್ಲಿಂಗ್ ಏರಿಳಿಯುತ್ತದೆ, ಆ ಸಿಲಿಂಡರ್ ಅತಿಯಾಗಿ ಬಿಸಿಯಾಗುತ್ತದೆ, ಹೆಚ್ಚು ಹೊತ್ತು ಪೂರ್ಣ ವೇಗದಲ್ಲಿ ಓಡಿಸಿದರೆ ಪಿಸ್ಟನ್ನಿಗೇ ಅಪಾಯ. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಉಳಿದ ತೂತನ್ನು ಮುಚ್ಚದಿದ್ದರೆ ಸೋಸದ ಧೂಳು ನೇರವಾಗಿ ಸಿಲಿಂಡರಿಗೆ ಹೋಗಬಹುದು.

ಇದರ ಜೊತೆಗೆ ಇನ್ನೊಂದು ಮಾತು. ಹೊಗೆಯನ್ನು ಅಳೆಯುವ ಯಂತ್ರದಿಂದ ಮಿಶ್ರಣವನ್ನು ಹೊಂದಿಸುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಸಾಧನವನ್ನು ಕಳಚುವ ಅಗತ್ಯವೇ ಇಲ್ಲ. ಹೊಸ ಗಾಳಿ ಬೆರೆತಾಗ ಯಂತ್ರದ ಅಳತೆ ತಪ್ಪುತ್ತದೆಂಬುದು ನಿಜ, ಆದರೆ ಗಾಳಿಯ ಪೈಪನ್ನು ಕ್ಲಾಂಪಿನಿಂದ ಅದುಮಿ ಹಿಡಿದು ಹೊಂದಾಣಿಕೆ ಮುಗಿಸಿ, ಮತ್ತೆ ಬಿಟ್ಟರಾಯಿತು.

ಬೈಕಿನಿಂದ ಪೆಟ್ರೋಲ್ ವಾಸನೆ ಬರುತ್ತದೆ, ಸ್ವಲ್ಪ ದೂರ ಓಡಿ ನಿಂತುಹೋಗುತ್ತದೆ. ಕ್ಯಾನಿಸ್ಟರ್ ಕಾರಣವಿರಬಹುದೇ?

ಇರಬಹುದು, ಮತ್ತು ಇದನ್ನು ಪತ್ತೆಹಚ್ಚುವುದು ಸುಲಭ. ಬೈಕು ನಿಂತ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ತೆರೆಯಿರಿ. ಉಸ್ಸೆಂದು ಗಾಳಿ ಒಳಕ್ಕೆ ಹೋಗಿ, ಕೆಲವು ನಿಮಿಷಗಳಲ್ಲಿ ಎಂಜಿನ್ ಮತ್ತೆ ಶುರುವಾದರೆ ಟ್ಯಾಂಕಿಗೆ ಉಸಿರಾಡುವ ದಾರಿ ಕಟ್ಟಿದೆ ಎಂದು ತಿಳಿಯಬೇಕು. ಪೆಟ್ರೋಲ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು; ಬಾರದಿದ್ದರೆ ಟ್ಯಾಂಕಿನಲ್ಲಿ ಎಳೆತ ಹುಟ್ಟಿ ಪೆಟ್ರೋಲ್ ಕೆಳಗಿಳಿಯುವುದೇ ಇಲ್ಲ. ಕ್ಯಾನಿಸ್ಟರ್ ಇರುವ ಬೈಕಿನಲ್ಲಿ ಆ ಗಾಳಿ ಬರುವುದು ಡಬ್ಬಿಯ ಮೂಲಕವೇ.

ಡಬ್ಬಿಯೊಳಗಿರುವುದು ಸಕ್ರಿಯಗೊಳಿಸಿದ ಇದ್ದಿಲು. ಅದರ ಸೂಕ್ಷ್ಮ ರಂಧ್ರಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂ ಇದ್ದಿಲೇ ನೂರಾರು ಚದರ ಮೀಟರ್ ಆಗುತ್ತದೆ. ಬಿಸಿಲಿಗೆ ನಿಂತ ಬೈಕಿನ ಟ್ಯಾಂಕಿನಲ್ಲಿ ಏಳುವ ಆವಿ ಈ ಒಳಮೈಗೆ ಅಂಟಿಕೊಳ್ಳುತ್ತದೆ. ಎಂಜಿನ್ ಓಡುವಾಗ ಡಬ್ಬಿಯ ತೆರೆದ ಬಾಯಿಯಿಂದ ಹೊಸ ಗಾಳಿ ಪ್ರವೇಶಿಸಿ, ಅಂಟಿದ ಆವಿಯನ್ನು ಎಬ್ಬಿಸಿಕೊಂಡು ಕಾರ್ಬ್ಯುರೇಟರಿನ ಕಡೆಗೆ ಒಯ್ಯುತ್ತದೆ. ಇದ್ದಿಲಿಗೆ ಆವಿ ಬಂದರೆ ತೊಂದರೆಯಿಲ್ಲ, ದ್ರವರೂಪದ ಪೆಟ್ರೋಲ್ ಬಂದರೆ ಅದು ನೆನೆದು ಕೆಲಸ ನಿಲ್ಲಿಸುತ್ತದೆ. ಟ್ಯಾಂಕನ್ನು ಕುತ್ತಿಗೆಯವರೆಗೂ ತುಂಬಿಸುವ ಅಭ್ಯಾಸವೇ ಇದಕ್ಕೆ ಮುಖ್ಯ ಕಾರಣ; ತುಂಬಿಸುವ ಬಾಯಿಯ ಕೆಳ ಅಂಚಿಗೆ ಪೆಟ್ರೋಲ್ ತಲಪುವ ಮೊದಲೇ ನಿಲ್ಲಿಸುವುದು ಒಳ್ಳೆಯದು. ನೆನೆದ ಡಬ್ಬಿಯನ್ನು ಕೈಯಲ್ಲಿ ಹಿಡಿದರೆ ಅಸಹಜವಾಗಿ ಭಾರವೆನಿಸುತ್ತದೆ, ಅಲ್ಲಾಡಿಸಿದರೆ ಒಳಗೆ ದ್ರವದ ಸದ್ದು ಕೇಳಿಸುತ್ತದೆ. ಅಂತಹ ಡಬ್ಬಿಯನ್ನು ಬದಲಾಯಿಸುವುದೇ ದಾರಿ. ಡಬ್ಬಿ ಸರಿಯಿದ್ದು ಪೈಪು ಮಾತ್ರ ಮಡಚಿಕೊಂಡಿರುವುದೂ ಉಂಟು. ಟ್ಯಾಂಕನ್ನು ಎತ್ತಿ ಮತ್ತೆ ಕೂರಿಸುವಾಗ ಈ ಪೈಪು ಫ್ರೇಮಿಗೂ ಟ್ಯಾಂಕಿಗೂ ನಡುವೆ ಸಿಕ್ಕಿ ಚಪ್ಪಟೆಯಾಗುತ್ತದೆ.

ಕ್ಯಾನಿಸ್ಟರನ್ನು ಕಳಚಿದವರ ಬೈಕುಗಳಲ್ಲಿ ನಾನು ಕಂಡ ತೊಂದರೆಗಳು ಇದಕ್ಕಿಂತ ಕೆಟ್ಟವು. ಟ್ಯಾಂಕಿನ ಉಸಿರಿನ ಪೈಪನ್ನು ಮುಚ್ಚಿಬಿಟ್ಟರೆ ಬೈಕು ನಡುದಾರಿಯಲ್ಲಿ ನಿಲ್ಲುತ್ತದೆ. ತೆರೆದು ಬಿಟ್ಟು, ಅದರ ತುದಿ ಬಿಸಿ ಬೆಂಡ್ ಪೈಪಿನ ಮೇಲಕ್ಕೆ ಬಂದರೆ, ತುಂಬಿದ ಟ್ಯಾಂಕು ಬಿಸಿಲಿಗೆ ಉಕ್ಕಿದ ದಿನ ಬೆಂಕಿ ಹತ್ತಬಹುದು. ಕೆಲವು ಮಾದರಿಗಳಲ್ಲಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲಿನ ಗಾಳಿಯ ದಾರಿಯೂ ಕ್ಯಾನಿಸ್ಟರಿಗೇ ಹೋಗುತ್ತದೆ. ಅದನ್ನು ತಿಳಿಯದೆ ಮುಚ್ಚಿದವರು ಜೆಟ್ ಬದಲಾಯಿಸುತ್ತಾ ವಾರಗಟ್ಟಲೆ ಕಳೆಯುತ್ತಾರೆ, ಏಕೆಂದರೆ ಬಟ್ಟಲಿಗೆ ಗಾಳಿಯ ಒತ್ತಡವೇ ಇಲ್ಲದಿದ್ದಾಗ ಯಾವ ಜೆಟ್ಟಿನಿಂದಲೂ ಪೆಟ್ರೋಲ್ ಸರಿಯಾಗಿ ಏರುವುದಿಲ್ಲ.

ಬ್ರೀದರ್ ಪೈಪನ್ನು ಬಿಡಿಸಿ ತುದಿಗೆ ಸಣ್ಣ ಫಿಲ್ಟರ್ ಹಾಕಬಹುದೇ?

ಹಾಕಬೇಡಿ. ಒಂದೇ ಸಿಲಿಂಡರಿನ ಎಂಜಿನ್ನಿನಲ್ಲಿಯೂ, ಎರಡು ಪಿಸ್ಟನ್ನುಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವ ಎಂಜಿನ್ನಿನಲ್ಲಿಯೂ, ಪಿಸ್ಟನ್ ಇಳಿದಾಗಲೆಲ್ಲ ಎಂಜಿನ್ನಿನ ಪೂರ್ಣ ಸಿಸಿಯಷ್ಟು ಜಾಗ ಕ್ರ್ಯಾಂಕ್‌ಕೇಸಿನಲ್ಲಿ ಕುಗ್ಗುತ್ತದೆ. ಆ ಉಸಿರಾಟದ ಜೊತೆಗೆ ಎಣ್ಣೆಯ ಮಂಜು ಹೊರಬರುತ್ತದೆ. ಪುಟ್ಟ ಫಿಲ್ಟರ್ ಅದನ್ನು ಹಿಡಿಯಲಾರದು. ಅದು ತೊಟ್ಟಿಕ್ಕಿ ಫ್ರೇಮಿನ ಮೇಲೆ ಹರಡಿ ಹಿಂದಿನ ಟೈರಿನವರೆಗೂ ಹೋಗುತ್ತದೆ. ಟೈರಿನ ಅಂಚಿಗೆ ಎಣ್ಣೆ ತಾಗಿದ ಬೈಕನ್ನು ತಿರುವಿನಲ್ಲಿ ವಾಲಿಸಿದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಬ್ರೀದರನ್ನು ಪೂರ್ತಿಯಾಗಿ ಮುಚ್ಚುವುದು ಇನ್ನೂ ಕೆಟ್ಟದ್ದು, ಒಳಗಿನ ಒತ್ತಡ ಆಯಿಲ್ ಸೀಲುಗಳನ್ನು ಹೊರಕ್ಕೆ ತಳ್ಳುತ್ತದೆ.

ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಎಣ್ಣೆ ತುಂಬುತ್ತಿದ್ದರೆ ಅದು ಬ್ರೀದರಿನ ತಪ್ಪಲ್ಲ. ಎಂಜಿನ್ನಿಗೆ ಆಯಿಲ್ ಹೆಚ್ಚು ಹಾಕಿದ್ದೀರೋ, ರಿಂಗುಗಳು ಸವೆದಿವೆಯೋ ನೋಡಿ. ಪೆಟ್ಟಿಗೆಯ ಕೆಳಗೆ ಬಿರಟೆ ಹಾಕಿದ ಸಣ್ಣ ಪಾರದರ್ಶಕ ಪೈಪು ಇದ್ದರೆ ಅದರಲ್ಲಿ ಕೂತ ಹಾಲುಬಣ್ಣದ ಗಸಿಯನ್ನು ಆಗಾಗ ಹೊರಬಿಡಿ.

ಕ್ಯಾಟಲಿಟಿಕ್ ಕನ್ವರ್ಟರನ್ನು ಒಡೆದು ತೆಗೆದರೆ?

ಮೊದಲು ಅದು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಈ ಬರಹದ ವ್ಯಾಪ್ತಿಗೆ ಬರುವ ಬೈಕುಗಳಲ್ಲಿ ಬಹಳಷ್ಟಕ್ಕೆ ಅದು ಇರುವುದೇ ಇಲ್ಲ. ಇದ್ದರೆ, ಜೇನುಹುಟ್ಟಿನಂತಹ ಜಾಲರಿಗೆ ಪ್ಲ್ಯಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳು ಲೇಪವಿರುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದ ನಂತರವೇ ಅದು ಕೆಲಸ ಶುರುಮಾಡುತ್ತದೆ. ಅದರ ಗಾತ್ರವನ್ನೂ ತಡೆಯನ್ನೂ ಲೆಕ್ಕಹಾಕಿಯೇ ಜೆಟ್ಟುಗಳನ್ನು ಆರಿಸಿರುವುದರಿಂದ, ತೆಗೆದ ಮೇಲೆ ಮಿಶ್ರಣ ತಪ್ಪಿ ಕೆಲವೊಮ್ಮೆ ಪಿಕಪ್ ಮೊದಲಿಗಿಂತ ಕೆಡುತ್ತದೆ.

ಅದು ನಿಜವಾಗಿಯೂ ಕೆಟ್ಟಿದ್ದರೆ ಲಕ್ಷಣಗಳು ಸ್ಪಷ್ಟವಾಗಿರುತ್ತವೆ. ತಣ್ಣಗಿನ ಸೈಲೆನ್ಸರನ್ನು ಅಂಗೈಯಿಂದ ತಟ್ಟಿದಾಗ ಒಳಗೆ ಚೂರುಗಳು ಗಲಗಲ ಎನ್ನುತ್ತವೆ. ಅಥವಾ ಜಾಲರಿ ಕರಗಿ ಕಟ್ಟಿಕೊಂಡು, ಎಂಜಿನ್ ಮೇಲಿನ ವೇಗಕ್ಕೆ ಏರಲಾರದೆ ಉಸಿರುಗಟ್ಟಿದಂತಾಗುತ್ತದೆ. ಜಾಲರಿ ತಾನಾಗಿ ಕರಗುವುದಿಲ್ಲ. ಸ್ಪಾರ್ಕ್ ಪ್ಲಗ್ ಕಿಡಿ ತಪ್ಪಿಸುತ್ತಿದ್ದಾಗ ಹಸಿ ಪೆಟ್ರೋಲ್ ಅದರೊಳಗೆ ಹೋಗಿ ಉರಿಯುವುದರಿಂದ ಹಾಗಾಗುತ್ತದೆ, ಆದ್ದರಿಂದ ಕಿಡಿಯ ದೋಷವನ್ನು ಸರಿಪಡಿಸದೆ ಹೊಸದನ್ನು ಹಾಕಿದರೆ ಅದೂ ಹಾಳಾಗುತ್ತದೆ. ಸೀಸ ಬೆರೆತ ಪೆಟ್ರೋಲೂ ಇದಕ್ಕೆ ವಿಷವೇ ಆಗಿತ್ತು. ರಸ್ತೆ ವಾಹನಗಳಿಗೆ ಅಂತಹ ಪೆಟ್ರೋಲಿನ ಮಾರಾಟ 2021ರಲ್ಲಿ ಆಲ್ಜೀರಿಯಾದಲ್ಲಿ ನಿಂತದ್ದರೊಂದಿಗೆ ಜಗತ್ತಿನಲ್ಲೆಲ್ಲ ನಿಂತಿದೆ.

ಮಿಕ್ಸ್ಚರ್ ಸ್ಕ್ರೂವಿನ ಹಿತ್ತಾಳೆ ಮುಚ್ಚಳವನ್ನು ತೆಗೆಯಬಹುದೇ?

ಕಾರ್ಬ್ಯುರೇಟರನ್ನು ಪೂರ್ತಿಯಾಗಿ ಬಿಚ್ಚಿ ತೊಳೆಯಬೇಕಾದಾಗ ಅದನ್ನು ತೆಗೆಯದೆ ಪೈಲಟ್ ದಾರಿ ಶುದ್ಧವಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಕೆಲವೆಡೆ ಆ ಮುಚ್ಚಳವೂ ಕಾನೂನಿನ ದೃಷ್ಟಿಯಲ್ಲಿ ಹೊಗೆ ನಿಯಂತ್ರಣದ ಭಾಗವೇ ಆದ್ದರಿಂದ ಕೆಲಸ ಮುಗಿದ ಮೇಲೆ ಹೊಸ ಮುಚ್ಚಳ ಹಾಕಬೇಕು.

ಮುಚ್ಚಳಕ್ಕೆ ಸಣ್ಣ ತೂತು ಕೊರೆದು, ಅದರಲ್ಲಿ ತಿರುಪು ಮೊಳೆಯೊಂದನ್ನು ತಿರುಗಿಸಿ, ಇಕ್ಕಳದಿಂದ ಎಳೆಯುವುದು ಕ್ರಮ. ಹಿತ್ತಾಳೆ ತೆಳುವಾಗಿರುತ್ತದೆ, ಡ್ರಿಲ್ ಏಕಾಏಕಿ ಒಳಕ್ಕೆ ನುಗ್ಗಿದರೆ ಸ್ಕ್ರೂವಿನ ತಲೆಯೇ ಹಾಳು. ಮುಚ್ಚಳ ಬಂದ ಮೇಲೆ ಸ್ಕ್ರೂವನ್ನು ಬಿಚ್ಚುವ ಮೊದಲು, ಅದು ಹಗುರವಾಗಿ ತಳ ಮುಟ್ಟುವವರೆಗೆ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಾಯಿತೆಂದು ಬರೆದಿಟ್ಟುಕೊಳ್ಳಿ. ತಳ ಮುಟ್ಟಿದ ಮೇಲೂ ಬಿಗಿದರೆ ಸೂಜಿಯಂತಹ ತುದಿ ಮುರಿದು ರಂಧ್ರದಲ್ಲಿಯೇ ಉಳಿಯುತ್ತದೆ. ಬಿಚ್ಚಿದಾಗ ಸ್ಕ್ರೂ, ಅದರ ಹಿಂದೆ ಸ್ಪ್ರಿಂಗು, ನಂತರ ವಾಷರು, ಕೊನೆಯಲ್ಲಿ ರಬ್ಬರ್ ಉಂಗುರ ಇದೇ ಕ್ರಮದಲ್ಲಿ ಬರಬೇಕು. ಆ ಉಂಗುರ ಎಷ್ಟು ಸಣ್ಣದೆಂದರೆ ಅದು ಬರದೆ ರಂಧ್ರದ ಗೋಡೆಗೆ ಅಂಟಿಕೊಂಡದ್ದು ಹಲವರ ಗಮನಕ್ಕೆ ಬರುವುದೇ ಇಲ್ಲ.

ತಿರುಗಿಸುವ ದಿಕ್ಕಿನ ಬಗ್ಗೆ ಗೊಂದಲ ಸಾಮಾನ್ಯ. ಸ್ಕ್ರೂ ಕಾರ್ಬ್ಯುರೇಟರಿನ ಎಂಜಿನ್ ಬದಿಯಲ್ಲಿದ್ದರೆ ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಹೆಚ್ಚುತ್ತದೆ. ಏರ್ ಫಿಲ್ಟರ್ ಬದಿಯಲ್ಲಿದ್ದರೆ ಅದು ಗಾಳಿಯ ಸ್ಕ್ರೂ, ಹೊರಕ್ಕೆ ತಿರುಗಿಸಿದಷ್ಟೂ ಪೆಟ್ರೋಲ್ ಕಡಿಮೆಯಾಗುತ್ತದೆ.

ಇಂಜೆಕ್ಷನ್ ಇರುವ ಬೈಕಿಗೂ ಇವೆಲ್ಲ ಅನ್ವಯಿಸುತ್ತವೆಯೇ?

ತತ್ವ ಒಂದೇ, ಆದರೆ ಅಲ್ಲಿ ಗಾಳಿಯ ವಾಲ್ವನ್ನೂ ಆಕ್ಸಿಜನ್ ಸೆನ್ಸರನ್ನೂ ನೋಡಿಕೊಳ್ಳುವುದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್. ಒಂದು ಪ್ಲಗ್ ಬಿಡಿಸಿದರೂ ಎಚ್ಚರಿಕೆಯ ದೀಪ ಹತ್ತಿ, ಎಂಜಿನ್ ತಾತ್ಕಾಲಿಕ ಲೆಕ್ಕದ ಮೇಲೆ ಓಡಲು ತೊಡಗಬಹುದು.

ಒಂದು ಹಳೆಯ ಬೈಕಿನಿಂದ ಗಾಳಿಗೆ ಏನು ಮಹಾ ವ್ಯತ್ಯಾಸವಾಗುತ್ತದೆ?

ಈ ಪ್ರಶ್ನೆಯನ್ನು ನನಗೆ ಬಹಳ ಒಳ್ಳೆಯವರೂ ಕೇಳಿದ್ದಾರೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಆವಿಯಲ್ಲಿರುವ ಬೆಂಜೀನ್ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಇವನ್ನು ಮೊದಲು ಉಸಿರಾಡುವುದು ಊರಲ್ಲ, ಬೈಕು ನಿಲ್ಲಿಸುವ ಮುಚ್ಚಿದ ಕೋಣೆಗೆ ಹೊಂದಿಕೊಂಡ ಮನೆಯವರು, ಎಂಜಿನ್ನಿನ ಪಕ್ಕದಲ್ಲಿ ಮಂಡಿಯೂರಿ ಕುಳಿತು ಐಡ್ಲಿಂಗ್ ಹೊಂದಿಸುವ ಮೆಕ್ಯಾನಿಕ್, ಸಿಗ್ನಲ್ಲಿನಲ್ಲಿ ನಿಮ್ಮ ಹಿಂದೆ ನಿಂತ ಸೈಕಲ್ ಸವಾರ. ಕ್ಯಾನಿಸ್ಟರ್ ಇಲ್ಲದ ಬೈಕು ರಾತ್ರಿಯಿಡೀ ನಿಂತ ಕೋಣೆಯ ಬಾಗಿಲನ್ನು ಬೆಳಗ್ಗೆ ತೆರೆದಾಗ ಮುಖಕ್ಕೆ ಬಡಿಯುವ ವಾಸನೆಯೇ ಉತ್ತರ ಹೇಳುತ್ತದೆ.

ಹಿಂದಿನ ಮಾಲೀಕರು ಎಲ್ಲವನ್ನೂ ಆಗಲೇ ಕಿತ್ತಿದ್ದಾರೆ. ಈಗೇನು ಮಾಡಲಿ?

ಜೆಟ್ ಬದಲಾಯಿಸಲು ಹೋಗದೆ ತೆರೆದ ಬಾಯಿಗಳನ್ನು ಹುಡುಕಿ. ಮ್ಯಾನಿಫೋಲ್ಡಿನ ಪ್ರತಿಯೊಂದು ಮೂತಿಗೂ ಗಟ್ಟಿಯಾದ ರಬ್ಬರ್ ಟೋಪಿ ಇರಬೇಕು. ಬಿಸಿಲಿಗೆ ಸೀಳಿದ ಟೋಪಿ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ, ಬೆರಳಿನಿಂದ ಹಿಂಡಿದಾಗ ಮಾತ್ರ ಬಾಯಿ ಬಿಡುತ್ತದೆ. ಐಡ್ಲಿಂಗಿನಲ್ಲಿ ನೀರಿನ ಸಣ್ಣ ತುಂತುರನ್ನು ಸಂದಿಗಳ ಮೇಲೆ ಹಾಯಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಪೆಟ್ರೋಲನ್ನೋ ಹೊತ್ತಿಕೊಳ್ಳುವ ಸ್ಪ್ರೇಯನ್ನೋ ಬಿಸಿ ಎಂಜಿನ್ನಿನ ಮೇಲೆ ಇದಕ್ಕಾಗಿ ಬಳಸಬೇಡಿ. ಆಮೇಲೆ ಸರ್ವೀಸ್ ಮ್ಯಾನುಯಲ್‌ನ ನಕ್ಷೆಯೊಂದಿಗೆ ಹೋಲಿಸಿ, ಇಲ್ಲದ ಭಾಗಗಳ ಪಟ್ಟಿ ಮಾಡಿ. ಗಾಳಿಯ ವಾಲ್ವುಗಳು ಅದೇ ಕಂಪನಿಯ ಬೇರೆ ಮಾದರಿಗಳಲ್ಲಿಯೂ ಬಳಕೆಯಾಗಿರುವುದರಿಂದ ಭಾಗದ ಸಂಖ್ಯೆ ಹಿಡಿದು ಹುಡುಕಿದರೆ ಹಳೆಯ ಬೈಕುಗಳ ಬಿಡಿಭಾಗ ಮಾರುವವರಲ್ಲಿ ಸಿಗುತ್ತವೆ. ಕ್ಯಾನಿಸ್ಟರ್ ಕೊಳ್ಳುವಾಗ ತೂಕ ನೋಡಿ, ಮೂಸಿ ನೋಡಿ.

ಪೈಪುಗಳನ್ನು ಮಾತ್ರ ಹೊಸದಾಗಿಯೇ ತೆಗೆದುಕೊಳ್ಳಿ. ಪೆಟ್ರೋಲ್ ಆವಿ ಹಾಯುವಲ್ಲಿ ಪೆಟ್ರೋಲಿಗೆಂದೇ ಮಾಡಿದ ಪೈಪು ಬೇಕು, ಎಳೆತ ಇರುವಲ್ಲಿ ಗೋಡೆ ದಪ್ಪವಾಗಿರುವ ಪೈಪು ಬೇಕು. ತೆಳು ಪೈಪು ಎಳೆತಕ್ಕೆ ಒಳಗೊಳಗೇ ಅಂಟಿಕೊಂಡು ವಾಲ್ವಿಗೆ ಸುದ್ದಿಯೇ ತಲಪುವುದಿಲ್ಲ.

ವಿನಾಯಿತಿ ಇರುವ ಬೈಕಿನಿಂದ ಬಿಚ್ಚಿದ ಭಾಗಗಳನ್ನು ಹೇಗೆ ಇಟ್ಟುಕೊಳ್ಳಬೇಕು?

ಬಿಚ್ಚುವ ಮೊದಲು ಪ್ರತಿ ಪೈಪಿಗೂ ಎರಡೂ ತುದಿಯಲ್ಲಿ ಸಂಖ್ಯೆ ಬರೆದ ಪಟ್ಟಿ ಅಂಟಿಸಿ ಫೋಟೊ ತೆಗೆದುಕೊಳ್ಳಿ. ರೀಡ್ ವಾಲ್ವನ್ನು ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಡಿ. ಕ್ಯಾನಿಸ್ಟರಿನ ಬಾಯಿಗಳನ್ನು ಮುಚ್ಚಿ, ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಬೈಕಿನ ಮಾದರಿ ಮತ್ತು ವರ್ಷವನ್ನು ಬರೆದು, ಬೈಕನ್ನು ಮಾರುವ ದಿನ ಕೊಳ್ಳುವವರ ಕೈಗೆ ಆ ಪೆಟ್ಟಿಗೆಯನ್ನೂ ಕೊಡಿ.